ಕೀಲಿನ ಮೇಲಿನ ಹೆಸರು

“ಗುರುಗಳೇ, ಅಲ್ಲಿ ನನ್ನನ್ನು ಬಲ್ಲವರು ಒಬ್ಬರೂ ಇಲ್ಲ. ನಿಮ್ಮ ಶಿಷ್ಯ ಎಂದು ಹೇಳಿದರೆ ಸಾಲದೇ?”

ಗಂಟು ಕಟ್ಟಿಕೊಂಡು ಹೊರಟು ನಿಂತಿದ್ದ ಶಿಷ್ಯ ಕೇಳಿದ. ನದಿಯಾಚೆಯ ಊರಿನಲ್ಲಿ ಎರಡು ಪಂಗಡಗಳ ನಡುವೆ ಜಗಳ ಹೊತ್ತಿಕೊಂಡಿತ್ತು. ಎರಡೂ ಕಡೆಯವರು ಒಪ್ಪುವಂತೆ ಮಾತಾಡಬಲ್ಲವರನ್ನು ಕಳಿಸಿಕೊಡಿ ಎಂದು ಊರಿನವರು ಕೇಳಿದ್ದರು. ಶಿಷ್ಯ ತಾನಾಗಿಯೇ ಮುಂದೆ ಬಂದಿದ್ದ.

ಗುರುಗಳು ಹೇಳಿದರು:

ಕೊಡಗಿನಲ್ಲಿ ಒಬ್ಬ ರೈತನಿದ್ದ. ಅವನ ಮನೆಯಲ್ಲಿ ಅಜ್ಜನ ಕಾಲದ ಇಂಗ್ಲಿಷ್ ಕೋವಿಯಿತ್ತು. ಜೋಡಿ ನಳಿಗೆ, ತೋಟಾಕ್ಕೆ ಬಡಿಯುವ ಕುದುರೆಗಳೆರಡೂ ಹೊರಗೇ ಕಾಣುವಂಥದ್ದು. ಪ್ರತಿ ವರ್ಷ ಕೈಲ್ ಮುಹೂರ್ತದ ಆಯುಧಪೂಜೆಗೆ ಮೊದಲು ಅದನ್ನು ಬೂದಿ ಹಾಕಿ ಉಜ್ಜುತ್ತಿದ್ದರು. ಮೂರು ತಲೆಮಾರಿನ ಭಕ್ತಿಗೆ ಮೇಲಿನ ಅಕ್ಷರಗಳೆಲ್ಲ ಸವೆದುಹೋಗಿದ್ದವು. ಮಾಡಿದವರು ಯಾರೆಂದು ಮನೆಯವರಿಗೆ ತಿಳಿದಿರಲಿಲ್ಲ.

ಆ ಸೀಮೆಯಲ್ಲಿ ಗಂಡುಮಗು ಹುಟ್ಟಿದರೆ ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ರೈತನ ಸೊಸೆಗೆ ದಿನ ತುಂಬಿತ್ತು. ಗಂಡಾದರೆ ಅಜ್ಜನ ಕೋವಿಯೇ ಸುದ್ದಿ ಹೇಳಬೇಕೆಂದು ಅವನ ಆಸೆ. ಆದರೆ ಅಜ್ಜ ತುಂಬುತ್ತಿದ್ದುದು ಕರಿಮದ್ದಿನ ತೋಟಾ. ಈಗ ಅಂಗಡಿಯಲ್ಲಿ ಸಿಗುವುದು ಹೊಗೆಯಿಲ್ಲದ ಹೊಸ ಮದ್ದಿನ ತೋಟಾ. ಅದರ ಒತ್ತಡ ಹೆಚ್ಚು.

ಹಳೆಯ ಕೋವಿಗಳ ವ್ಯಾಪಾರಿಯೊಬ್ಬನನ್ನು ಅವನು ಕರೆಸಿದ. ವ್ಯಾಪಾರಿ ನಳಿಗೆಗಳನ್ನು ಕಳಚಿದ. ಉಜ್ಜುವ ಕೈ ತಲುಪದ ಜಾಗಗಳಿಗೆ ದೀಪದ ಮಸಿ ಸವರಿ ಒರೆಸಿದ. ನಳಿಗೆ ತೆರೆಯುವ ಕೀಲಿನ ಒಳಬದಿಯಲ್ಲಿ ಪೇಟೆಂಟ್ ಮುದ್ರೆ ಮೂಡಿತು. ನಡುವೆ ಒಂದು ಸಂಖ್ಯೆ, ಸುತ್ತ ಒಂದು ಹೆಸರು. ಬಹಳ ದೊಡ್ಡ ಹೆಸರು. ನಳಿಗೆಯ ಬುಡದಲ್ಲಿ ಇನ್ನೊಂದು ಮುದ್ರೆಯಿತ್ತು. ಹೆಸರು ಸಿಕ್ಕಿದ ಮೇಲೆ ವ್ಯಾಪಾರಿ ಮುಂದೆ ನೋಡಲಿಲ್ಲ.

“ನಿಮ್ಮಜ್ಜ ಸಾಮಾನ್ಯ ಮನುಷ್ಯ ಅಲ್ಲ ಬಿಡಿ. ರಾಜರು ಹಿಡಿಯುವ ಕೋವಿ ಹಿಡಿದಿದ್ದಾನೆ” ಎಂದ.

“ಅದಿರಲಿ ಸಾಹುಕಾರರೇ. ಅಂಗಡಿಯ ತೋಟಾ ಹಾಕಿದರೆ ತಡೆಯುತ್ತದೆಯೇ?”

“ಮೆಲ್ಲಗೆ ಕೇಳಿ. ಈ ಹೆಸರಿನ ಕೋವಿ ಕೇಳಿಸಿಕೊಂಡರೆ ಮುನಿಸಿಕೊಂಡೀತು” ಎಂದು ವ್ಯಾಪಾರಿ ನಕ್ಕ. ರೈತನೂ ನಕ್ಕ.

ಮಗು ಹುಟ್ಟಿತು. ಗಂಡು. ರೈತ ಅಂಗಳಕ್ಕೆ ಬಂದು, ಹೊಸ ತೋಟಾ ತುಂಬಿ, ಆಕಾಶಕ್ಕೆ ಹಾರಿಸಿದ. ಸುದ್ದಿ ಊರಿಗೆ ತಲುಪಿತು. ನಳಿಗೆ ಬುಡದಲ್ಲಿ ಸೀಳಿತ್ತು. ರೈತನ ಎಡಗೈಯ ಎರಡು ಬೆರಳು ಹೋಗಿದ್ದವು.

ವ್ಯಾಪಾರಿ ಓಡಿ ಬಂದ. ಸೀಳಿದ ನಳಿಗೆಗೆ ಮಸಿ ಸವರಿ ಇನ್ನೊಂದು ಮುದ್ರೆಯನ್ನು ಈಗ ಓದಿದ. ಇಂಗ್ಲಿಷರ ದೇಶದಲ್ಲಿ ಮಾರುವ ಮೊದಲು ನಳಿಗೆಗೆ ಹೆಚ್ಚು ಮದ್ದು ತುಂಬಿ ಸಿಡಿಸಿ ನೋಡುತ್ತಾರೆ. ತಡೆದರೆ ಮಾತ್ರ ಮುದ್ರೆ ಒತ್ತುತ್ತಾರೆ. ಈ ನಳಿಗೆಯನ್ನು ಕರಿಮದ್ದಿನಿಂದ ಮಾತ್ರ ಪರೀಕ್ಷಿಸಿದ್ದರೆಂದು ಮುದ್ರೆಯಲ್ಲಿತ್ತು.

ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ರೈತ ಕೇಳಿದ: “ಹಾಗಾದರೆ ಆ ಹೆಸರು ಸುಳ್ಳೇ?”

“ಸುಳ್ಳಲ್ಲ. ಕೀಲನ್ನು ಕಂಡುಹಿಡಿದವರ ಹೆಸರು ಅದು. ಅವರ ಒಪ್ಪಿಗೆ ಪಡೆದು ಯಾರು ಬೇಕಾದರೂ ಆ ಕೀಲನ್ನು ತಮ್ಮ ಕೋವಿಗೆ ಜೋಡಿಸಬಹುದಿತ್ತು. ನಳಿಗೆ ಬೇರೆ ಯಾರದ್ದೋ.”

ರೈತ ಬಲಗೈಯಿಂದ ಕೀಲನ್ನು ತಿರುಗಿಸಿ ನೋಡಿದ. ಅದು ಸಲೀಸಾಗಿ ತಿರುಗಿತು.

“ಹೌದು. ಇದಕ್ಕೇನೂ ಆಗಿಲ್ಲ” ಎಂದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಆದರೆ ನಾನು ನಿಮ್ಮ ಶಿಷ್ಯನೆಂಬುದು ನಿಜವಲ್ಲವೇ?”

“ನಿಜ, ನನ್ನ ಹೆಸರು ನಿನ್ನ ಮೇಲಿದೆ, ನಿನ್ನನ್ನು ಇನ್ನೂ ಯಾರೂ ಸಿಡಿಸಿ ನೋಡಿಲ್ಲ.”