ಮುರಿಯದೆ ಉಳಿದ ರೊಟ್ಟಿ

ಕ್ರೈಸ್ತ ಸಭೆಯೊಂದರ ಹಿರಿಯ ಪಾಲಕರಾದ ಆಮೋಸಯ್ಯನವರನ್ನು ಅವರ ಶಿಷ್ಯ ಹನೋಕ ಕೇಳಿದ:

"ಅಯ್ಯನವರೇ, ನಮ್ಮ ಸಭೆಯ ಮನೋಹರ ಎಲ್ಲರೆದುರು ನನ್ನನ್ನು ಹಗುರ ಮಾಡಿ ಮಾತಾಡಿದ. ಕರ್ತನಲ್ಲಿ ಅವನು ನನ್ನ ಸಹೋದರ ಅಂತ ದಿನಾ ಅವನಿಗಾಗಿ ಪ್ರಾರ್ಥನೆ ಮಾಡುತ್ತಿದ್ದೇನೆ. ಆದರೂ ಮನಸ್ಸಿನ ಕಹಿ ಹೋಗುತ್ತಿಲ್ಲ. ಅದು ಹೋದ ಮೇಲೆ ಅವನ ಮನೆಗೆ ಹೋಗೋಣ ಅಂದುಕೊಂಡಿದ್ದೇನೆ. ಇನ್ನೆಷ್ಟು ದಿನ ಪ್ರಾರ್ಥಿಸಲಿ?"

ಅಯ್ಯನವರು ಅವನನ್ನು ದಿಟ್ಟಿಸಿ ನೋಡಿದರು. "ನೀನು ಒಳ್ಳೆಯವನು ಕಣೋ, ಅದೇ ನನಗೆ ಭಯ. ಕೂತುಕೋ," ಎಂದು ಈ ಕತೆ ಹೇಳಿದರು.

ಒಂದು ಸಭೆಯಲ್ಲಿ ಒಬ್ಬ ಬಡಗಿ, ಒಬ್ಬ ನೇಕಾರ ಇದ್ದರು. ಇಬ್ಬರಿಗೂ ಒಂದೇ ದಿನ ದೀಕ್ಷಾಸ್ನಾನವಾಗಿತ್ತು. ಅವತ್ತಿನಿಂದ ದೇವಾಲಯದಲ್ಲಿ ಒಂದೇ ಬೆಂಚು, ಇಬ್ಬರ ನಡುವೆ ಒಂದೇ ಹಾಡಿನ ಪುಸ್ತಕ. ಒಡಹುಟ್ಟಿದವರೂ ಅಷ್ಟು ಹೊಂದಿಕೊಂಡಿರುವುದಿಲ್ಲ ಬಿಡು.

ಒಂದು ವರ್ಷ ನೇಕಾರನ ಮಗು ತೀರಿಕೊಂಡಿತು. ಮಣ್ಣಿಗಿಡುವ ಪೆಟ್ಟಿಗೆಯನ್ನು ಬಡಗಿಯೇ ಮಾಡಿದ, ಅಳುತ್ತಲೇ ಮಾಡಿದ. ಆಮೇಲೆ ಕ್ರಿಸ್‌ಮಸ್ ಬಂತು. ಸಭೆಯವರು ಮನೆಮನೆಗೆ ಹೋಗಿ ಹಾಡುವ ವಾಡಿಕೆ. ಹಾಡುವವರ ಮುಂದಾಳು ಬಡಗಿ. ಸಾವಾದ ಮನೆ, ಈ ವರ್ಷ ಅಲ್ಲಿ ಹಬ್ಬ ಬೇಡ, ಹಾಡು ಕೇಳಿದರೆ ತಾಯಿಯ ಕರುಳು ಕಿತ್ತು ಬಂದೀತು ಎಂದು ಅವನು ನೇಕಾರನ ಮನೆ ಬಿಟ್ಟು ಮುಂದೆ ಹೋದ. ಇತ್ತ ನೇಕಾರನ ಹೆಂಡತಿ, ಮಗುವಿಲ್ಲದ ಮನೆಯಲ್ಲಿ ಒಂದಿಷ್ಟು ದನಿಯಾದರೂ ಕೇಳಲಿ ಅಂತ, ಕರ್ಜಿಕಾಯಿ ಕರಿದಿಟ್ಟು ಬಾಗಿಲಲ್ಲೇ ಕೂತಿದ್ದಳು. ಹಾಡು ಪಕ್ಕದ ಮನೆಯಲ್ಲಿ ಕೇಳಿತು.

ಮರುದಿನ ದೇವಾಲಯದ ಬಾಗಿಲಲ್ಲಿ ನೇಕಾರ ಕೂಗಾಡಿದ: "ಸತ್ತದ್ದು ನನ್ನ ಮಗು. ನಿನ್ನ ಪಾಲಿಗೆ ನಾವೂ ಸತ್ತೆವೇನೋ?" ಬಡಗಿಗೆ ಎದೆಗೆ ಒದ್ದ ಹಾಗಾಯಿತು. ಯಾಕೆ ಬರಲಿಲ್ಲ ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ, ಮುಖ ತಿರುಗಿಸಿಕೊಂಡು ಹೋದ.

ಆ ಸಭೆಯಲ್ಲಿ ಒಂದು ಕಟ್ಟುಪಾಡು ಇತ್ತು. ಸಹೋದರನ ಮೇಲೆ ಮುನಿಸು ಇಟ್ಟುಕೊಂಡವನು, ರೊಟ್ಟಿ ಮುರಿದು ಹಂಚುವ ಕರ್ತನ ಭೋಜನಕ್ಕೆ ಏಳಬಾರದು, ಮೊದಲು ರಾಜಿಯಾಗಬೇಕು. ಇಬ್ಬರೂ ಕಪಟಿಗಳಲ್ಲ, ನೋಡು. ರೊಟ್ಟಿಗೂ ದ್ರಾಕ್ಷಾರಸಕ್ಕೂ ಎಲ್ಲರೂ ಎದ್ದು ಹೋದಾಗ ಇವರು ಕೂತೇ ಇರುತ್ತಿದ್ದರು, ಒಬ್ಬ ಈ ಕಡೆಯ ಬೆಂಚಿನಲ್ಲಿ, ಒಬ್ಬ ಆ ಕಡೆಯದರಲ್ಲಿ. ಮನೆಗೆ ಹೋಗಿ ಒಬ್ಬರಿಗಾಗಿ ಒಬ್ಬರು ಮೊಣಕಾಲೂರುತ್ತಿದ್ದರು. "ಕರ್ತನೇ, ನನ್ನ ಕಹಿ ತೆಗೆ, ಆಮೇಲೆ ಅವನ ಹತ್ತಿರ ಹೋಗುತ್ತೇನೆ" ಅಂತ. ಸಭೆಯವರು ಏನಂದರು ಗೊತ್ತೇ? ಅಬ್ಬಾ, ಎಂಥ ದೈವಭಕ್ತರು! ಇವನ ಮನೆಗೂ ಅವನ ಮನೆಗೂ ನಡುವೆ ಇದ್ದದ್ದು ಒಂದು ಓಣಿ. ಒಬ್ಬನೂ ಅದನ್ನು ದಾಟಲಿಲ್ಲ. ಇಬ್ಬರ ತಲೆಯೂ ನರೆಯಿತು.

ಬಡಗಿ ಹಾಸಿಗೆ ಹಿಡಿದ. ಪಾಲಕರು ರೊಟ್ಟಿ, ಬಟ್ಟಲು ತೆಗೆದುಕೊಂಡು ಅವನ ಮನೆಗೆ ಹೋದರು. ಬಡಗಿ ಬೇಡವೆಂದು ತಲೆಯಾಡಿಸಿಬಿಟ್ಟ. "ಮೊದಲು ಅವನನ್ನು ಕರೆಸಿ ಅಯ್ಯನವರೇ. ಇಬ್ಬರೂ ಒಟ್ಟಿಗೆ ತಗೊಳ್ತೀವಿ," ಎಂದ.

ಬಡಗಿಯ ಹೆಂಡತಿ ಓಡಿದಳು. ಸುದ್ದಿ ಕೇಳಿ ನೇಕಾರ ಮಗ್ಗ ಬಿಟ್ಟು ದಡಕ್ಕನೆ ಎದ್ದ. ಕಣ್ಣು ತುಂಬಿತು. ಎದ್ದವನು ಹಾಗೇ ಹೋಗಬಾರದಿತ್ತೇ! ಬಾಗಿಲ ತನಕ ಬಂದು ನಿಂತ. "ನೀನು ನಡಿ ತಂಗಿ. ಮನಸ್ಸಲ್ಲಿ ಇನ್ನೂ ಮುಳ್ಳಿದೆ. ಪ್ರಾರ್ಥನೆ ಮಾಡಿ ಬರುತ್ತೇನೆ," ಎಂದು ಒಳಗೆ ಹೋಗಿ ಮೊಣಕಾಲೂರಿದ. ಅತ್ತು ಅತ್ತು ಪ್ರಾರ್ಥಿಸಿದ. ಅವತ್ತು ಕಹಿ ನಿಜವಾಗಿಯೂ ಹೋಯಿತು. ಹಗುರವಾಗಿ ಎದ್ದು ಓಣಿ ದಾಟಿ ಬಂದ.

ಹಾಸಿಗೆಯ ಪಕ್ಕದ ಮೇಜಿನ ಮೇಲೆ ರೊಟ್ಟಿ ಮುರಿಯದೆ ಹಾಗೇ ಇತ್ತು. ಬಡಗಿಯ ಮುಖಕ್ಕೆ ಬಿಳಿ ಬಟ್ಟೆ ಹೊದಿಸಿದ್ದರು.

"ಬಾಗಿಲ ಕಡೆಯೇ ನೋಡುತ್ತಿದ್ದರು ಅಣ್ಣಾ," ಎಂದಳು ಅವನ ಹೆಂಡತಿ. "ಹಾಡಿದರೆ ನಿಮ್ಮ ಮನೆಯಾಕೆ ಸಂಕಟಪಟ್ಟಾಳು ಅಂತ ಹೆದರಿ ಅವತ್ತು ಬರಲಿಲ್ಲ, ಅದನ್ನೊಂದು ಹೇಳಬೇಕು ಅನ್ನುತ್ತಿದ್ದರು."

ನೇಕಾರ ಅಲ್ಲೇ ಕುಸಿದ. ಮುಂದಿನ ಭಾನುವಾರ ಅವನಿಗೆ ಯಾರ ಮೇಲೂ ಮುನಿಸಿರಲಿಲ್ಲ, ಕರ್ತನ ಭೋಜನಕ್ಕೆ ಏಳಬಹುದಿತ್ತು. ಅವನಿಂದ ಏಳಲಾಗಲಿಲ್ಲ.

ಅಯ್ಯನವರು ಕತೆ ನಿಲ್ಲಿಸಿದರು. ರೂಢಿಯಂತೆ ಹನೋಕ ಮೊಣಕಾಲೂರಿ, ಕೈ ಜೋಡಿಸಿ, ಕಣ್ಣು ಮುಚ್ಚಿದ. "ನನಗಾಗಿ ಪ್ರಾರ್ಥನೆ ಮಾಡಿ ಅಯ್ಯನವರೇ," ಎಂದ.

"ಮಾಡುತ್ತೇನಪ್ಪಾ; ನೀನು ಎದ್ದು ಹೋಗಿ ಮನೋಹರನ ಬಾಗಿಲು ತಟ್ಟು, ಆಮೇಲೆ ಆಮೆನ್ ಅನ್ನುತ್ತೇನೆ."