ಶಾವಂತ್ರೆವ್ವನ ಮೌನವ್ರತ

ಬೆಳ್ಳೇರಿ ಮಠದ ಪೂಜ್ಯ ಶ್ರೀ ಸಂಗನಾಥ ಅಜ್ಜನವರಿಗೆ ಸಿಂಹಾಸನಕ್ಕಿಂತ ದನದ ಕೊಟ್ಟಿಗೆಯೇ ಪ್ರಿಯವಾಗಿತ್ತು. ದರ್ಶನಕ್ಕೆ ಬಂದವರು ಮೊದಲು ಅಲ್ಲಿಯೇ ಹುಡುಕಬೇಕು. ಅಂದೂ ಶ್ರೀಗಳವರು ಕಾವಿಯನ್ನು ಮೊಣಕಾಲಿಗೆತ್ತಿ ಕಟ್ಟಿ, ಹಸಿ ಮೇವು ಕತ್ತರಿಸುತ್ತ ಕುಳಿತಿದ್ದರು. ದುಂಡಪ್ಪ ಬಂದು ಅಡ್ಡಬಿದ್ದ.

ದುಂಡಪ್ಪನದು ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕುವ ಸಂಸಾರ. ಹೆಂಡತಿ ಶಾವಂತ್ರೆವ್ವ ದುಡಿಮೆಯಲ್ಲಿ ಗಟ್ಟಿ, ಗಂಟಲಲ್ಲಿ ಇನ್ನೂ ಗಟ್ಟಿ. ಬೆಳಗಿನ ಹಾಲು ಹಿಂಡುವುದರಿಂದ ಸಂಜೆಯ ಮೇವಿನವರೆಗೆ ಎಮ್ಮೆಗಳಿಗೂ ಗಂಡನಿಗೂ ಭೇದವಿಲ್ಲದ ಬೈಗುಳ.

"ಅಜ್ಜಾರ, ಮೌನ ಅಂದ್ರ ದೊಡ್ಡ ತಪಸ್ಸು ಹೌದಲ್ರಿ?" ಎಂದು ದುಂಡಪ್ಪ ಕೇಳಿದ.

"ಹೌದಪ್ಪ," ಎಂದರು ಶ್ರೀಗಳವರು, ಮೇವಿನಿಂದ ಕಣ್ಣೆತ್ತದೆ.

ಅವನಿಗೆ ಅಷ್ಟೇ ಬೇಕಾಗಿತ್ತು. ಮನೆಗೆ ಓಡಿ, "ಅಜ್ಜಾರ ಅಪ್ಪಣಿ ಆಗೇತಿ. ಸುಗ್ಗಿ ಮುಗಿಯೂತನಾ ನೀ ಮೌನ ಹಿಡೀಬೇಕಂತ," ಎಂದ. ಶಾವಂತ್ರೆವ್ವನಿಗೆ ಅಜ್ಜನವರ ಮಾತೆಂದರೆ ಶಿವನ ಮಾತು. ಮಠದ ದಿಕ್ಕಿಗೆ ಕೈಮುಗಿದು ಬಾಯಿ ಮುಚ್ಚಿದಳು.

ಆ ಸಂಜೆ ದುಂಡಪ್ಪ ನೆಮ್ಮದಿಯಿಂದ ರೊಟ್ಟಿ ತಿಂದ. ತನ್ನ ಮನೆಯಲ್ಲಿ ಗುಬ್ಬಿಗಳಿವೆಯೆಂದು ಅವನಿಗೆ ಅಂದೇ ತಿಳಿದದ್ದು.

ಆದರೆ ಮರುದಿನ ಎಮ್ಮೆಗಳು ಹಾಲು ಇಳಿಸಲಿಲ್ಲ. ಹಿರಿಯ ಎಮ್ಮೆ ಕಾಳಿ ಕತ್ತು ಹೊರಳಿಸಿ ಹೊರಳಿಸಿ ಏನನ್ನೋ ಹುಡುಕಿತು. ಕರುವನ್ನು ಬಿಟ್ಟರೂ ಅಷ್ಟೇ, ತಿನ್ನಲು ಶೇಂಗಾ ಹಿಂಡಿ ಇಟ್ಟರೂ ಅಷ್ಟೇ. ದುಂಡಪ್ಪ ತಾನೇ ಹೆಂಡತಿಯ ದನಿ ತೆಗೆದು ಬೈದು ನೋಡಿದ, ಕಾಳಿ ಒದೆಯಿತು. ಡೇರಿಯಲ್ಲಿ ಕ್ಯಾನು ಎತ್ತಿ ನೋಡಿದವನು, "ಎಮ್ಮಿ ಮಾರೀದೇನೋ ದುಂಡಪ್ಪ?" ಎಂದು ಕೇಳಿದ. ಹೀಗೇ ದಿನಗಳು ಕಳೆದು ಕೆಚ್ಚಲು ಬತ್ತುವ ಭಯ ಹುಟ್ಟಿತು.

ಅಷ್ಟರಲ್ಲಿ ಜೋಳದ ಕಣಿಕೆ ಕೊಯ್ದು ಬಣವೆ ಒಟ್ಟುವ ಕಾಲ ಬಂತು. ದುಂಡಪ್ಪ ಮೇಲೆ ನಿಂತು ಒಟ್ಟುವನು, ಶಾವಂತ್ರೆವ್ವ ಕೆಳಗಿನಿಂದ ಕೂಗಿ ತಿದ್ದುವಳು, ಅದು ರೂಢಿ. ಈಗ ಆಕೆ ಎರಡೂ ಕೈ ಬೀಸಿದಳು. ವ್ರತದ ಫಲದಿಂದ ಹೆಂಡತಿಗೆ ಗಂಡನ ಮೇಲೆ ಅಕ್ಕರೆ ಬಂದಿದೆಯೆಂದು ತಿಳಿದು ಅವನೂ ಕೈ ಬೀಸಿದ. ಬಣವೆ ಎಡಕ್ಕೆ ವಾಲಿ, ಅವನ ಸಮೇತ ತಿಪ್ಪೆಗೆ ಉರುಳಿತು.

ತಲೆಯಲ್ಲಿ ಕಣಿಕೆ, ಮೈಯೆಲ್ಲ ಸಗಣಿ, ಹಾಗೆಯೇ ಮಠಕ್ಕೆ ಓಡಿದ.

"ಅಜ್ಜಾರ, ಎಮ್ಮಿ ಹಾಲು ಇಳಸವಲ್ಲವು. ಯಾರೋ ಕಣ್ಣು ಹಚ್ಯಾರ. ಒಂದು ತಾಯತ ಕಟ್ರಿ."

"ನಡಿ, ನೋಡೂಣು," ಎಂದು ಶ್ರೀಗಳವರು ಎದ್ದರು.

ಮನೆಯಂಗಳದಲ್ಲಿ ಶಾವಂತ್ರೆವ್ವ ಪಾದಕ್ಕೆರಗಿದಳು. ಮಾತಿಲ್ಲ.

"ಯಾಕವ್ವ, ಆರಾಮಿಲ್ಲೇನು?" ಎಂದು ಶ್ರೀಗಳವರು ಕೇಳಿದರು.

ಆಕೆ ತುಟಿಯ ಮೇಲೆ ಬೆರಳಿಟ್ಟು, ತಮ್ಮದೇ ಅಪ್ಪಣೆಯಲ್ಲವೇ ಎಂಬಂತೆ ಅವರಿಗೆ ಕೈಮುಗಿದಳು. ಶ್ರೀಗಳವರ ದೃಷ್ಟಿ ಮೆಲ್ಲನೆ ದುಂಡಪ್ಪನತ್ತ ತಿರುಗಿತು. ದುಂಡಪ್ಪ ಬಹಳ ಲಕ್ಷ್ಯಗೊಟ್ಟು ಕಾಳಿಯ ಕೊಂಬು ನೋಡತೊಡಗಿದ.

"ಮೌನ ದೊಡ್ಡದು ಅಂದಿದ್ದೆ. ಯಾರಿಗೆ ಅಂತ ನೀ ಕೇಳಲೇ ಇಲ್ಲಲ್ಲ," ಎಂದರು ಶ್ರೀಗಳವರು. "ತಂಗಿ, ನಿನ್ನ ವ್ರತ ಮುಗೀತು. ದುಂಡಪ್ಪ, ಸುಗ್ಗಿ ಮುಗಿಯೂತನಾ ಇನ್ನ ನಿಂದು."

ಕಟ್ಟೆಯೊಡೆದಂತಾಯಿತು. "ಏ ಕಾಳೀ, ನಿನ್ನ ಬಾಯಾಗ ಮಣ್ಣು ಹಾಕ! ನೀರು ಮುಟ್ಟಿಲ್ಲ ಯಾಕ? ಹಿಂಗಾಲು ಯಾಕ ಎತ್ತಾಕತ್ತೀ, ಮುಳ್ಳು ಚುಚ್ಚೇತೇನ? ಇಷ್ಟು ದಿನ ಹೇಳಬಾರದಾಗಿತ್ತೇನ ನನ್ನವ್ವ?"

ಕಾಳಿಯ ಕಿವಿ ನಿಮಿರಿದವು. ಶಾವಂತ್ರೆವ್ವ ಬೈಯುತ್ತಲೇ ಮುಳ್ಳು ಕಿತ್ತು, ಬೈಯುತ್ತಲೇ ಕುಳಿತು ಕೆಚ್ಚಲಿಗೆ ಕೈ ಹಾಕಿದಳು. ಚರಿಗೆ ತುಂಬಿ ನೊರೆ ಉಕ್ಕಿತು. ಶ್ರೀಗಳವರು ನಕ್ಕು ನಕ್ಕು ಕಾವಿಯ ಸೆರಗಿನಿಂದ ಕಣ್ಣೊರೆಸಿಕೊಂಡರು.

ಗುರುವಿನ ಅಪ್ಪಣೆ ಮೀರಲುಂಟೆ? ದುಂಡಪ್ಪ ಬಾಯಿ ಮುಚ್ಚಿದ. ಬಾಯಿ ಮುಚ್ಚಿದ್ದರಿಂದ ಕಿವಿ ತೆರೆಯಿತು. ಒಂದು ಬೈಗುಳದಲ್ಲಿ ಕರುವಿನ ಹಸಿವು, ಇನ್ನೊಂದರಲ್ಲಿ ಎಮ್ಮೆಯ ಹೊಟ್ಟೆಯುಬ್ಬರ. "ಬಿಸಿಲಾಗ ಬರೇ ತಲೀಲೆ ಹೋಗಿ ಸಾಯ್ರಿ" ಎಂಬುದರಲ್ಲಿ ತನಗೊಂದು ರುಮಾಲು. ಇಷ್ಟು ವರ್ಷ ಇದನ್ನೆಲ್ಲ ತಾನು ಗದ್ದಲವೆಂದು ತಿಳಿದಿದ್ದೆನಲ್ಲ ಎಂದು ಅವನ ಕಣ್ಣು ತುಂಬಿತು.

ಸುಗ್ಗಿ ಮುಗಿಯಿತು. "ನಿಮ್ಮ ವ್ರತಾ ತೀರಿತಲ್ಲ, ಏನರೆ ಮಾತಾಡ್ರಿ. ಬ್ಯಾಸರಾಗೇತಿ," ಎಂದಳು ಶಾವಂತ್ರೆವ್ವ.

ದುಂಡಪ್ಪ ಆಕೆಯ ಪಕ್ಕದಲ್ಲಿ ಕುಳಿತ. "ನೀ ಹೇಳ. ನಾ ಕೇಳ್ತೇನಿ."

ಆ ಕ್ಷಣಕ್ಕೆ ಆ ತಾಯಿಗೆ ಒಂದು ಬೈಗುಳವೂ ನೆನಪಿಗೆ ಬರಲಿಲ್ಲವಂತೆ.