ಚೆನ್ನರಸ ಹೇಳದೇ ಹೋದ ಉತ್ತರ

"ಹೊಸಗಿರಿಯ ಪ್ರಜೆಗಳು ಕೇಳಿ. ಮಲ್ಲರಸ ದೊರೆಗಳ ಮಗ ಚೆನ್ನರಸ ತೀರಿಕೊಳ್ಳುವ ಸಂಜೆ ಅಪ್ಪನಿಗೆ ಮೂರು ಒಗಟು ಹಾಕಿದ್ದ. ಉತ್ತರ ನಾಳೆ ಹೇಳುತ್ತೇನೆಂದು ಮಲಗಿದವನು ಏಳಲಿಲ್ಲ. ಮೂರನ್ನೂ ಬಿಡಿಸಿದವರು ಕೇಳಿದ್ದನ್ನು ದೊರೆ ಕೊಡುತ್ತಾರೆ. ತಪ್ಪಿದವರಿಗೆ ತಲೆದಂಡ. ಯುಗಾದಿಯೇ ಗಡುವು."

ಹೀಗೆ ಡಂಗುರ ಹೊಡೆದಾಗ ಹಬ್ಬಕ್ಕೆ ಮೂರೇ ದಿನ ಉಳಿದಿತ್ತು. ಮನೆಮನೆಯಲ್ಲೂ ಸುಣ್ಣ ಕಲಸುವುದು, ಜೇಡರ ಬಲೆ ಹೊಡೆಯುವುದು ನಡೆದಿತ್ತು. ಪೊರಕೆ ಹಿಡಿದವರು ಹಿಡಿದ ಹಾಗೇ ನಿಂತು ಕೇಳಿದರು. ಏಳು ವರ್ಷದ ಆ ಹುಡುಗನಿಗೆ ಹೋದ ಯುಗಾದಿಯ ಮಾರನೆಯ ರಾತ್ರಿ ಹಾಸಿಗೆಯಲ್ಲೇ ಚೇಳು ಕಚ್ಚಿತ್ತು. ಅಂದಿನಿಂದ ದೊರೆ ಕಿಟಕಿಗಳಿಗೆಲ್ಲ ಬಟ್ಟೆ ಬಿಗಿಸಿದ್ದ, ಗೋಡೆಯ ಬಿರುಕುಗಳಿಗೆ ಗಾರೆ ತುಂಬಿಸಿದ್ದ, ದಿನಾ ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿಸುತ್ತಿದ್ದ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಪಾಪ, ಇನ್ನೇನು ಮಾಡಿಯಾನು?

ಚೇಳು ಒಳಗೆ ಬಂದ ತಪ್ಪು ಆ ಕೋಣೆ ಗುಡಿಸುತ್ತಿದ್ದ ಈರವ್ವನ ತಲೆಗೆ ಬಂತು. ವರ್ಷದಿಂದ ಅವಳು ಸೆರೆಯಲ್ಲಿದ್ದಳು. ಯುಗಾದಿಯ ಸಂಜೆ ಅವಳಿಗೆ ಶೂಲವೆಂದು ತೀರ್ಮಾನವಾಗಿತ್ತು. ಅವಳ ಒಬ್ಬಳೇ ಮಗಳು ಬೊಮ್ಮಿ, ಊರವರ ಗೋಡೆಗೆ ಸುಣ್ಣ ಬಳಿದು ಬದುಕುವವಳು. ಡಂಗುರ ಕೇಳಿದವಳೇ ಸೆರೆಮನೆಗೆ ಓಡಿದಳು. ಚೆನ್ನರಸನಿಗೆ ಒಗಟು ಕಲಿಸಿದ್ದೇ ತನ್ನ ಅವ್ವ ಎಂದು ಅವಳಿಗೆ ಗೊತ್ತಿತ್ತು.

"ಆ ಮಗು ಮೊದ್ಲು ನಂಗೇ ಹಾಕಿತ್ತು ಮೂರು ಒಗಟ್ನೂ. ಉತ್ತರ ನಂಗೊತ್ತೈತೆ," ಎಂದಳು ಈರವ್ವ. "ನಿಂಗೆ ಹೇಳಾಕಿಲ್ಲ. ನೀನು ಅರಮನೆ ಕಡೆ ಹೋಗ್ಬ್ಯಾಡ ಮಗಾ."

ಬೊಮ್ಮಿ ಬೇಡಿದಳು, ಅತ್ತಳು, ಕೊನೆಗೆ ಬೈದಳು. ಅವ್ವ ಗೋಡೆ ಕಡೆ ತಿರುಗಿ ಕೂತುಬಿಟ್ಟಳು.

ಯುಗಾದಿಯ ಬೆಳಿಗ್ಗೆ ಸಭೆ ತುಂಬಿತು. ಉತ್ತರ ದೊರೆಗೂ ಗೊತ್ತಿರಲಿಲ್ಲ. 'ಮೂರನ್ನೂ ನನ್ನ ಕೋಣೆಯಲ್ಲೇ ಕಂಡಿದ್ದೇನೆ' ಎಂದು ಮಗ ಹೇಳಿದ್ದಷ್ಟೇ ಅವನಿಗಿದ್ದ ಗುರುತು. ಅವನು ಮೊದಲನೆಯದನ್ನು ಹೇಳಿದ: "ಒಬ್ಬ ಕಾವಲುಗಾರ. ಸಂಬಳ ಕೇಳುವುದಿಲ್ಲ, ನಮ್ಮ ಅನ್ನ ಉಣ್ಣುವುದಿಲ್ಲ. ಹಬ್ಬ ಬಂದರೆ ನಾವು ಹೊಸ ಬಟ್ಟೆ ಉಟ್ಟು ಅವನ ಮನೆ ಕೆಡವುತ್ತೇವೆ. ಯಾರವನು?"

ಅರ್ಧ ರಾಜ್ಯದ ಆಸೆಗೆ ಬಂದಿದ್ದ ಪಂಡಿತನೊಬ್ಬ ಶಾಲು ಸರಿಮಾಡಿಕೊಂಡು, ಅದು ಆತ್ಮ, ದೇಹವೇ ಅದರ ಮನೆ ಎಂದು ಗಳಿಗೆಗಟ್ಟಲೆ ವಿವರಿಸಿದ. ಹಬ್ಬಕ್ಕೂ ಆತ್ಮಕ್ಕೂ ಏನು ಸಂಬಂಧ ಎಂದು ದೊರೆ ಕೇಳಿದಾಗ ಮತ್ತೆ ಶಾಲು ಸರಿಮಾಡಿಕೊಂಡ. ಪಾಳೆಯಗಾರನ ಮಗನೊಬ್ಬ ಹಲ್ಲಿ ಎಂದ. ಹಲ್ಲಿಗೆ ಮನೆ ಎಲ್ಲಿದೆ? ಇಬ್ಬರನ್ನೂ ಕೈಕಟ್ಟಿ ಪಕ್ಕಕ್ಕೆ ನಿಲ್ಲಿಸಿದರು. ಆಮೇಲೆ ಯಾರೂ ಮುಂದೆ ಬರಲಿಲ್ಲ.

ಮೊಳಕೈವರೆಗೆ ಸುಣ್ಣ ಮೆತ್ತಿಕೊಂಡಿದ್ದ ಬೊಮ್ಮಿ ಎದ್ದಾಗ ಕೆಲವರು ನಕ್ಕರು.

"ಜೇಡ, ಬುದ್ಧಿ," ಎಂದಳು ದೊರೆಗೆ ಕೈಮುಗಿದು. ಹುಳ ಹಿಡಿದು ಮನೆ ಕಾಯುವವನು ಅವನೇ, ಹಬ್ಬಕ್ಕೆ ಮೊದಲು ನಾವು ಹೊಡೆಯುವುದೂ ಅವನ ಬಲೆಯನ್ನೇ ಎಂದು ಬಿಡಿಸಿದಳು. ದೊರೆ ಮುಂದಕ್ಕೆ ಬಾಗಿ ಎರಡನೆಯದನ್ನು ಹೇಳಿದ: "ಕರೆಯದೆ ಬರುವ ನೆಂಟರು. ಉಣ್ಣುವುದಿಲ್ಲ, ಬರೀ ಕುಣಿಯುತ್ತಾರೆ. ಬೆಳಗಾಗುವಷ್ಟರಲ್ಲಿ ಉಟ್ಟಿದ್ದನ್ನೂ ಬಿಟ್ಟು ಹೋಗುತ್ತಾರೆ." ದೀಪದ ಹುಳ ಎಂದಳು ಬೊಮ್ಮಿ. ಬೆಳಿಗ್ಗೆ ಗುಡಿಸುವಾಗ ಸಿಗುವುದು ಅವುಗಳ ರೆಕ್ಕೆ ಮಾತ್ರ.

ಆಮೇಲೆ ದೊರೆ ಮೂರನೆಯದನ್ನು ಹೇಳಿದ: "ಅಪ್ಪನ ಕೈಯಿಂದ ಬರುತ್ತದೆ. ನನ್ನ ಹೆದರಿಕೆಯನ್ನು ತಿನ್ನುತ್ತದೆ. ಅಪ್ಪ ಎದ್ದು ಹೋದ ಮೇಲೂ ಅಪ್ಪನ ಹಾಗೆ ಎಚ್ಚರವಾಗಿರುತ್ತದೆ."

ಬೊಮ್ಮಿಗೆ ಉತ್ತರ ತಕ್ಷಣ ಹೊಳೆಯಿತು. ಅದರ ಹಿಂದೆಯೇ ಅವ್ವ ಯಾಕೆ ಬಾಯಿ ಬಿಡಲಿಲ್ಲ ಎಂಬುದೂ ಹೊಳೆಯಿತು. ಜೇಡವಿಲ್ಲದ ಕೋಣೆ, ಅಪ್ಪ ಹಚ್ಚಿಟ್ಟ, ರಾತ್ರಿಯಿಡೀ ಉರಿಯುವ ದೀಪ, ದೀಪಕ್ಕೆ ಮುತ್ತಿದ ಹುಳ, ಹುಳ ತಿನ್ನಲು ಬಂದ ಚೇಳು. ಹೇಳಿದರೆ ಈ ತಂದೆ ಬದುಕಿದ್ದೂ ಸತ್ತಂತೆ. ಹೇಳದಿದ್ದರೆ ಅವ್ವನಿಗೆ ಇವತ್ತೇ ಶೂಲ. ಅವಳಿಗೆ ಅಳು ಒತ್ತರಿಸಿ ಬಂತು.

"ದೀಪ, ಬುದ್ಧಿ."

ವರ್ಷದ ಮೇಲೆ ಮೊದಲ ಸಲ ದೊರೆ ನಕ್ಕ. ಹೌದು, ಕತ್ತಲೆಂದರೆ ಮಗನಿಗೆ ಹೆದರಿಕೆ, ದಿನಾ ತಾನೇ ದೀಪ ಹಚ್ಚಿ ಅವನ ತಲೆದೆಸೆಗೆ ಇಡುತ್ತಿದ್ದೆ ಎಂದು ಎಲ್ಲರಿಗೂ ಹೇಳಿದ. ಮಗನೇ ಮಾತಾಡಿದಂತಾಯಿತು ಎಂದ. ಆಮೇಲೆ ಮೂರು ಉತ್ತರಗಳನ್ನೂ ಬೆರಳು ಮಡಚುತ್ತ ಮತ್ತೆ ಎಣಿಸಿದ. ಮೂರನೆಯ ಬೆರಳಿಗೆ ನಗು ನಿಂತಿತು.

"ಕಾವಲುಗಾರನನ್ನು ಓಡಿಸಿದವರು ಯಾರು?" ಎಂದು ಮೆಲ್ಲಗೆ ಕೇಳಿದ.

"ಹೋದ ಹಬ್ಬಕ್ಕೆ ಒಂದು ಬಲೆನೂ ಉಳೀಬಾರ್ದು ಅಂತ ನಿಮ್ಮ ಅಪ್ಪಣೆ ಆಗಿತ್ತು. ಅವ್ವ ಗುಡಿಸಿದ್ಲು."

"ನೆಂಟರ ಹಿಂದೆ ಬಂದದ್ದು ಚೇಳು."

ಬೊಮ್ಮಿ ತಲೆ ತಗ್ಗಿಸಿದಳು. ಕೇಳಿದ್ದು ಸಿಗುತ್ತದೆ, ಅರ್ಧ ರಾಜ್ಯವನ್ನೇ ಕೇಳಬಹುದು ಎಂದು ಮಂತ್ರಿ ನೆನಪಿಸಿದ. ಅವಳು ಅವ್ವನನ್ನು ಬಿಟ್ಟುಕೊಡಿ ಎಂದಳು. ಈರವ್ವನನ್ನು ಕರೆತರಲು ದೊರೆ ಕೈಸನ್ನೆ ಮಾಡಿದ, ಕಟ್ಟಿಹಾಕಿದ್ದ ಇಬ್ಬರನ್ನೂ ಬಿಡಿಸಿದ. ಆ ಪಂಡಿತ ಮತ್ತೆಂದೂ ಆತ್ಮದ ಸುದ್ದಿ ಎತ್ತಲಿಲ್ಲವಂತೆ.

ಈರವ್ವ ಬಂದವಳು ಮಗಳನ್ನು ನೋಡಲಿಲ್ಲ, ದೊರೆಯ ಮುಖ ನೋಡಿದಳು. "ಹೇಳ್ಬುಟ್ಯಾ?" ಎಂದು ಮಗಳನ್ನು ಕೇಳಿ ನೆಲಕ್ಕೆ ಕುಸಿದಳು.

ಗೊತ್ತಿದ್ದೂ ಶೂಲಕ್ಕೆ ಯಾಕೆ ಒಪ್ಪಿದೆ ಎಂದು ದೊರೆ ಕೇಳಿದ.

"ಮಗೀಗೆ ಹೆದರಿಕೆ ಆಗ್ಬಾರ್ದು ಅಂತ ಹಚ್ಚಿದ ದೀಪ ಅದು, ಬುದ್ಧಿ. ನಾನೂ ಹೆತ್ತೋಳು. ಯಾವ ಬಾಯಲ್ಲಿ ಹೇಳ್ಲಿ?"

ದೊರೆ ಸಿಂಹಾಸನದಿಂದ ಇಳಿದು ಬಂದು ಅವಳ ಪಕ್ಕ ನೆಲದಲ್ಲೇ ಕೂತು ಅತ್ತ. ಬೊಮ್ಮಿಯೂ ಅತ್ತಳು. ಬೇವು-ಬೆಲ್ಲದ ತಟ್ಟೆ ಇಟ್ಟಲ್ಲೇ ಇತ್ತು, ಯಾರೂ ಮುಟ್ಟಲಿಲ್ಲ.

ಅಂದಿನಿಂದ ಹೊಸಗಿರಿಯಲ್ಲಿ ಚೈತ್ರ ಬಂತೆಂದರೆ ರಾತ್ರಿ ದೀಪವನ್ನು ಮನೆಯಿಂದ ದೂರ, ಅಂಗಳದ ಕೊನೆಗೆ ಇಡುತ್ತಾರೆ, ಹುಳ ಅಲ್ಲಿಗೇ ಹೋಗಲಿ ಎಂದು. ಎಷ್ಟೇ ಚೊಕ್ಕಟ ಮಾಡಿದರೂ ಒಂದು ಮೂಲೆಯ ಬಲೆ ಬಿಡುತ್ತಾರೆ. ಅರಮನೆಗೆ ಸುಣ್ಣ ಬಳಿಯುವಾಗ ಚೆನ್ನರಸನ ಕೋಣೆಯ ಆ ಮೂಲೆಯನ್ನು ಬೊಮ್ಮಿ ತಾನೇ ನೋಡಿ ಉಳಿಸುತ್ತಿದ್ದಳು. ಆ ಕೋಣೆಯಲ್ಲಿ ಮತ್ತೆ ದೀಪ ಹಚ್ಚಲಿಲ್ಲ. ಮಗನಿಗೆ ಕತ್ತಲೆಂದರೆ ಹೆದರಿಕೆಯಲ್ಲವೇ, ಅದಕ್ಕೆ ದೊರೆಯೇ ದಿನಾ ಹೋಗಿ ಬರಿದಾದ ಹಾಸಿಗೆಯ ಪಕ್ಕ ಬೆಳಗಾಗುವ ತನಕ ಎಚ್ಚರವಾಗಿ ಕೂತಿರುತ್ತಿದ್ದ.